ಕೊನೇ ಸಾಲಿನ ಬಿಸ್ಕತ್ತು

ನಾಟಕ ಮಂಡಳಿಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಒಬ್ಬರೂ ಇರಲಿಲ್ಲ. ಎಲ್ಲರ ಬಾಯಲ್ಲೂ ಅವರು ಸುಳ್ಳಡುಗೆಯವರು. ರಂಗದ ಮೇಲೆ ರಾಜ ತಿನ್ನುವ ಹುರಿದ ಕೋಳಿ, ಸಾಹುಕಾರನ ಮನೆಯ ಹಣ್ಣಿನ ತಟ್ಟೆ, ಕೊಲೆಗಾರ ವಿಷ ಬೆರೆಸುವ ಕೇಕು, ಎಲ್ಲ ಅವರ ಕೈಯಿಂದಲೇ ಆಗಬೇಕು. ಹಳೇ ಪೇಪರು ನೆನೆಸಿ, ರುಬ್ಬಿ, ಅಂಟು ಕಲಸಿದರೆ ಬ್ರೆಡ್ಡು. ಹರಿದ ಹಾಸಿಗೆಯ ಸ್ಪಂಜು ಕತ್ತರಿಸಿ ಬಣ್ಣ ಬಳಿದರೆ ಕೇಕು. ಮೇಣ ಕರಗಿಸಿ ಹುಯ್ದರೆ ದ್ರಾಕ್ಷಿ. ಅರ್ಧ ಆಯಸ್ಸು ಅಡುಗೆ ಮಾಡಿದ ಮನುಷ್ಯ, ಒಬ್ಬರ ಹೊಟ್ಟೆಯನ್ನೂ ತುಂಬಿಸಲಿಲ್ಲ. ಒಮ್ಮೆ ನಾಟಕ ನಡೆಯುತ್ತಿರುವಾಗಲೇ ಬೀದಿನಾಯಿಯೊಂದು ರಂಗಕ್ಕೆ ನುಗ್ಗಿ, ರಾಜನ ತಟ್ಟೆಯ ಕೋಳಿಯನ್ನು ಮೂಸಿ, ಮುಖ ತಿರುಗಿಸಿಕೊಂಡು ಹೋಗಿಬಿಟ್ಟಿತು. ಜನ ಬಿದ್ದು ಬಿದ್ದು ನಕ್ಕರು. ಸುಳ್ಳಡುಗೆಯವರು ಮಾತ್ರ ಬಹಳ ದಿನ ಆ ನಾಯಿಯ ಮೇಲೆ ಹಲ್ಲು ಕಡಿಯುತ್ತಿದ್ದರು.

ಅವರ ಕಸುಬಿಗೆ ಇದ್ದದ್ದು ಒಂದೇ ಸೂತ್ರ: ಏನು ಮಾಡಿದರೂ ಕೊನೇ ಸಾಲಿನವನಿಗಾಗಿ ಮಾಡಬೇಕು. ಮುಂದಿನ ಸಾಲಿನವರು ಪುಕ್ಕಟೆ ಪಾಸಿನಲ್ಲಿ ಬಂದವರು, ಅವರ ಮಾತು ಬಿಡಿ ಎನ್ನುತ್ತಿದ್ದರು. ಹಿಂದೆ ಗೋಡೆಗೆ ಒರಗಿ ಕೂತವನ ಬಾಯಲ್ಲಿ ನೀರೂರಿದರೆ ಗೆದ್ದ ಹಾಗೆ. ಅದಕ್ಕೇ ಅವರ ಸೇಬು ಕೆಂಡದಷ್ಟು ಕೆಂಪು, ಬ್ರೆಡ್ಡಿನ ಅಂಚು ಇದ್ದಿಲಿನಷ್ಟು ಕಪ್ಪು, ಕೇಕಿನ ಮೇಲಿನ ಸಕ್ಕರೆ ಹರಳು ಒಂದೊಂದೂ ಮೆಣಸಿನ ಕಾಳಿನ ಗಾತ್ರ. ಹತ್ತಿರ ಹೋಗಿ ನೋಡಿದರೆ ದೃಷ್ಟಿಬೊಂಬೆಗಿಂತ ವಿಕಾರ. ದೂರದಿಂದ ನೋಡಿದರೆ ಅಮೃತ. ಈ ಸೂತ್ರವನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸುಳ್ಳು ಅಡುಗೆ ಮಾಡುವವರಿಗೆ ನಿಜದ ತಿಂಡಿಯ ಮೇಲೆ, ಅದರಲ್ಲೂ ಸಿಹಿಯ ಮೇಲೆ ಇದ್ದ ಆಸೆ ಅಷ್ಟಿಷ್ಟಲ್ಲ. ಮಾದರಿ ನೋಡದೆ ಹೇಗೆ ಮಾಡಲಿ ಎಂದು ಸಬೂಬು ಹೇಳಿ, ಒಂದು ಸ್ಪಂಜಿನ ಕೇಕಿಗೆ ಮೂರು ನಿಜದ ಕೇಕು ಮುಗಿಸುವ ಆಸಾಮಿ. ಕೊನೆಗೆ ಸಕ್ಕರೆ ಕಾಯಿಲೆ ಬಂತು. ಹೆಂಡತಿ ಮಾದರಿಗಳ ಮೇಲೆ ಗೂಬೆ ಕೂರಿಸಿದಳು. ಇವರು ತಮ್ಮ ತಾತನ ಮೇಲೆ ಕೂರಿಸಿದರು. ಕಾಯಿಲೆ ಯಾರದಾದರೇನು, ಬಂದು ಹಿಡಿದದ್ದು ಇವರ ಪಾದಗಳನ್ನು. ಅಂಗಾಲಿಗೆ ಬಿಸಿ ಗೊತ್ತಾಗದು, ತಣ್ಣಗೆ ಗೊತ್ತಾಗದು, ಚುಚ್ಚಿದರೂ ಗೊತ್ತಾಗದು. ಒಂದು ದಿನ ಕೆಲಸದ ಕೋಣೆಯಲ್ಲಿ ಮೊಳೆ ತುಳಿದು, ಅದನ್ನು ಕಾಲಲ್ಲಿಟ್ಟುಕೊಂಡೇ ಸಂಜೆಯವರೆಗೂ ಹಾಡು ಗುನುಗುತ್ತಾ ಓಡಾಡಿದರು. ಮನೆಗೆ ಬಂದರೆ ಹೆಂಡತಿ ನೆಲ ನೋಡಿ, ಯಾವ ಹಾಳು ಬಣ್ಣ ಮೆತ್ತಿಕೊಂಡು ಬಂದಿದ್ದೀರಿ, ಹೊರಗೇ ತೊಳೆದುಕೊಳ್ಳಿ ಎಂದು ಗದರಿದಳು. ಎಷ್ಟು ತೊಳೆದರೂ ಆ ಬಣ್ಣ ನಿಲ್ಲಲಿಲ್ಲ. ಎಡಗಾಲಿನ ಹೆಬ್ಬೆರಳು ಹೋದದ್ದು ಹಾಗೆ.

ಬೆರಳು ತೆಗೆದ ಡಾಕ್ಟರು ನಯವಾಗಿ ಮಾತಾಡುವ ಜಾತಿಯವರಲ್ಲ. ಮುಂದಿನ ಸಲ ಬೆರಳಿಗೆ ನಿಲ್ಲುವುದಿಲ್ಲ, ಕಾಲೇ ಹೋಗುತ್ತದೆ ಎಂದರು. ದಿನಾ ಸಂಜೆ ಯಾರಾದರೂ ಅಂಗಾಲನ್ನು ಬಿಡಿಸಿ ನೋಡಬೇಕು, ಒಂದು ಗೀರು ಕಂಡರೂ ಓಡಿ ಬರಬೇಕು. ಆಮೇಲೆ ಹೆಂಡತಿಯ ಕಡೆ ಬೆರಳು ತೋರಿಸಿ, "ನಿಮ್ಮ ಕಾಲು ಇನ್ಮೇಲೆ ನಿಮ್ಮ ಹತ್ರ ಇಲ್ಲ, ಇವರ ಕಣ್ಣಲ್ಲಿದೆ" ಎಂದರು.

ಅಂದಿನಿಂದ ಸಂಜೆ ದೀಪ ಹಾಕುವ ಹೊತ್ತಿಗೆ ಆ ಮನೆಯಲ್ಲಿ ಪಾದ ಪರೀಕ್ಷೆ. ಇವರು ಕುರ್ಚಿಯಲ್ಲಿ ಕೂತು ಕಾಲು ಚಾಚಬೇಕು. ಅವಳು ಕೆಳಗೆ ಚಾಪೆ ಹಾಕಿಕೊಂಡು, ಕನ್ನಡಕ ಏರಿಸಿ, ಟಾರ್ಚು ಬಿಟ್ಟು, ಬೆರಳ ಸಂದಿ ಸಂದಿ ಹುಡುಕಬೇಕು. ಹುಡುಕುವಷ್ಟು ಹೊತ್ತೂ ಅವಳ ಬಾಯಿಗೆ ಬಿಡುವಿಲ್ಲ. ಇಲ್ಲಿ ಒಡೆದಿದೆ, ಇಲ್ಲಿ ಶೂ ಒತ್ತಿದೆ, ಎಣ್ಣೆ ಹಚ್ಚಿಕೊಳ್ಳಿ ಅಂದರೆ ಗೋಡೆಗೆ ಹೇಳಿದ ಹಾಗೆ, ಈ ಉಗುರು ಯಾವ ರಾಕ್ಷಸನ ಪಾತ್ರಕ್ಕೆ ಬೆಳೆಸುತ್ತಿದ್ದೀರಿ. ಈ ಕಾಟವೇ ಬೇಡ, ತಾವೇ ನೋಡಿಕೊಳ್ಳೋಣ ಎಂದು ಇವರು ಒಮ್ಮೆ ನಾಟಕದ ರಾಣಿಯ ಕೈಗನ್ನಡಿ ತಂದು ಕಾಲೆತ್ತಿದ್ದುಂಟು. ನಡುವೆ ಹೊಟ್ಟೆ ಅಡ್ಡ ಬಂತು. ಕುರ್ಚಿ ಸಮೇತ ಹಿಂದಕ್ಕೆ ಮಗುಚಿಕೊಂಡರು. ಮತ್ತೆ ಆ ಸಾಹಸಕ್ಕೆ ಕೈಹಾಕಲಿಲ್ಲ.

ಇನ್ನು ಭರಣಿಯ ವಿಷಯ. ಅಡುಗೆಮನೆಯ ಶೆಲ್ಫಿನಲ್ಲಿ, ಸರಿಯಾಗಿ ಕಣ್ಣಿನ ಮಟ್ಟಕ್ಕೆ, ಒಂದು ಗಾಜಿನ ಭರಣಿ. ಅದರ ತುಂಬ ಬೇಕರಿಯ ಬೆಣ್ಣೆ ಬಿಸ್ಕತ್ತು, ಮೇಲೆ ಸಕ್ಕರೆ ಉದುರಿಸಿದ್ದು. ಬಂದವರಿಗೆ ಮಾತ್ರ. ಕಣ್ಣೆದುರಿಗಿಟ್ಟು ಕೊಲ್ಲುತ್ತೀಯಲ್ಲೇ ಎಂದು ಇವರು ಗೋಳಾಡಿದರೆ, ನಿಮ್ಮ ನಾಲಗೆಗೆ ಲಗಾಮಿಲ್ಲ ಅಂತ ಮನೆಗೆ ಬಂದವರಿಗೆ ಬರೀ ಟೀ ಕೊಟ್ಟು ಕಳಿಸಲಾ ಎಂದು ಅವಳು ಬಾಯಿ ಮುಚ್ಚಿಸುತ್ತಿದ್ದಳು. ತಾನು ಮಾತ್ರ, ಇವರ ಬೆರಳು ಹೋದ ದಿನದಿಂದ, ಟೀಗೂ ಸಕ್ಕರೆ ಹಾಕಿಕೊಳ್ಳುತ್ತಿರಲಿಲ್ಲ. ಭರಣಿಗೆ ಬೀಗ ಬೇಕಿಲ್ಲ, ಗಾಜಿನದು, ಒಂದು ಕಮ್ಮಿಯಾದರೂ ನನಗೆ ಕಾಣುತ್ತದೆ ಎಂದು ಎಚ್ಚರಿಸಿದ್ದಳು. ಕಂಡದ್ದೂ ಉಂಟು. ಒಂದೇ ಒಂದು ಬಿಸ್ಕತ್ತು ಕದ್ದು ತಿಂದದ್ದಕ್ಕೆ ಇವರಿಗೆ ಬೆಳಗ್ಗೆ ಸಂಜೆ ಎರಡು ಹೊತ್ತೂ ಮಂಗಳಾರತಿ ಆಗಿತ್ತು.

ಆದರೆ ಆಸೆ ಅನ್ನುವುದು ಸುಮ್ಮನೆ ಕೂರುವ ಪ್ರಾಣಿಯೇ? ಒಂದು ಮಧ್ಯಾಹ್ನ ಮುಖವಾಡ ಎರಕ ಹುಯ್ದು ಉಳಿದ ಪ್ಲಾಸ್ಟರ್ ಬೋಗುಣಿಯಲ್ಲಿ ಗಟ್ಟಿಯಾಗುತ್ತಿತ್ತು. ಅದನ್ನು ನೋಡುತ್ತಾ ಕೂತ ಸುಳ್ಳಡುಗೆಯವರ ತಲೆಯಲ್ಲಿ ಫಕ್ಕನೆ ದೀಪ ಹತ್ತಿತು. ಇಷ್ಟು ವರ್ಷ ಸಾವಿರಾರು ಜನರಿಗೆ ಮಂಕುಬೂದಿ ಎರಚಿದ ಕೈ, ಒಬ್ಬಳು ಹೆಂಡತಿಯ ಕಣ್ಣಿಗೆ ಮಣ್ಣೆರಚಲಾರದೇ? ನಾಟಕಕ್ಕಾದರೆ ಬಿಸ್ಕತ್ತನ್ನು ಕಾಗದದ ಹಿಟ್ಟಿನಲ್ಲಿ ಮಾಡುತ್ತಿದ್ದರು, ನಟರು ಎತ್ತಿ ಆಡಬೇಕಲ್ಲ, ಹಗುರ ಇರಬೇಕು. ಆದರೆ ಕಾಗದದ ಹಿಟ್ಟು ಒಣಗಲು ದಿನಗಟ್ಟಲೆ ಬೇಕು, ಕದ್ದ ಜಾಗ ಅಲ್ಲಿಯವರೆಗೆ ಖಾಲಿ ಬಿದ್ದಿರಲಾಗದು. ಪ್ಲಾಸ್ಟರ್ ಆದರೆ ಟೀ ಕುಡಿದು ಲೋಟ ಇಡುವಷ್ಟರಲ್ಲಿ ಗಟ್ಟಿ. ಮೇಲೆ ಕಂದು ಬಣ್ಣ, ಅಂಚಿಗೆ ಕಪ್ಪು, ಸಕ್ಕರೆಗೆ ಬದಲು ಅಂಟಿನಲ್ಲಿ ಅದ್ದಿದ ಕಲ್ಲುಪ್ಪು.

ಅವಳು ಮಧ್ಯಾಹ್ನ ಅಡ್ಡಾಗುವುದೇ ತಡ, ಊಟಕ್ಕೆಂದು ಮನೆಗೆ ಬಂದಿದ್ದ ಇವರು ಬೆಕ್ಕಿನ ಹೆಜ್ಜೆಯಲ್ಲಿ ಅಡುಗೆಮನೆಗೆ. ನಿಜದ್ದೊಂದು ಬಾಯಿಗೆ, ಸುಳ್ಳಿನದೊಂದು ಭರಣಿಯ ತಳಕ್ಕೆ. ಮೊದಲ ದಿನ ಸಂಜೆ ಅವಳು ಭರಣಿಯ ಮುಂದೆ ನಿಂತಾಗ ಇವರು ಪೇಪರಿನ ಮರೆಯಿಂದ ಇಣುಕಿದರು. ಅವಳು ನೋಡಿದಳು, ಪಕ್ಕದ ಉಪ್ಪಿನ ಡಬ್ಬಿ ತೆಗೆದುಕೊಂಡಳು, ಹೋದಳು. ಆವತ್ತು ಆದ ಆನಂದ ಇವರಿಗೆ ತುಂಬಿದ ಸಭೆಯ ಚಪ್ಪಾಳೆಯಲ್ಲೂ ಆಗಿರಲಿಲ್ಲ. ಆಮೇಲೆ ಹಿಡಿಯುವವರುಂಟೇ? ದಿನಕ್ಕೊಂದು, ಒಮ್ಮೊಮ್ಮೆ ಎರಡು. ಬಂದವರಿಗೆಂದು ಮೇಲೆ ಒಂದಿಷ್ಟು ನಿಜದ್ದು ಬಿಟ್ಟಿರುತ್ತಿದ್ದರು. ಆದರೆ ಆ ಮನೆಗೆ ಬರುವವರೇ ಕಡಿಮೆಯಾಗಿದ್ದರು. ಅವಳು ಮಂಡಳಿಯ ಬಟ್ಟೆ ಹೊಲಿಯುತ್ತಿದ್ದಾಗ ಅಳತೆ ಕೊಡಲು ನಟರು ಬಂದು ಹೋಗುತ್ತಿದ್ದರು. ಸೊಂಟ ನೋವೆಂದು ಈಚೆಗೆ ಹೊಲಿಗೆ ಬಿಟ್ಟಿದ್ದಳು. ಹಾಗಾಗಿ ಆ ಮೇಲಿನವೂ ನಿಧಾನವಾಗಿ ಇವರ ಹೊಟ್ಟೆಗೇ ಇಳಿದವು. ಒಂದು ದಿನ ಭರಣಿ ಪೂರ್ತಿ ಪ್ಲಾಸ್ಟರ್ ಆಯಿತು.

ಇನ್ನೊಂದು ಸುಖವೂ ಜೊತೆಗೆ ಸೇರಿತು. ಸಂಜೆಯ ಪರೀಕ್ಷೆಯಲ್ಲಿ ಬೈಗುಳ ನಿಂತುಹೋಗಿತ್ತು. ಅವಳು ಟಾರ್ಚು ಬಿಡುತ್ತಿದ್ದಳು, ಬಗ್ಗುತ್ತಿದ್ದಳು, ಪಾದವನ್ನು ನಿಧಾನವಾಗಿ ಸವರಿ ಒಂದು ಗಳಿಗೆ ಅದಕ್ಕೆ ಕೆನ್ನೆಯನ್ನೂ ಇಡುತ್ತಿದ್ದಳು, ಆಮೇಲೆ ಏನಿಲ್ಲ ಚೆನ್ನಾಗಿದೆ ಎಂದು ಎದ್ದು ಹೋಗುತ್ತಿದ್ದಳು. ಕೆನ್ನೆ ಇಟ್ಟಾಗ ಇವರು ನಾಚಿಕೊಂಡು ಕಿಟಕಿಯ ಕಡೆ ನೋಡುತ್ತಿದ್ದರು. ಈ ವಯಸ್ಸಿನಲ್ಲಿ ಇವಳಿಗೆ ಏನಿದು ಪ್ರೀತಿ ಎಂದು ಒಳಗೊಳಗೇ ಹಿಗ್ಗುತ್ತಿದ್ದರು. ಕದ್ದು ತಿನ್ನುವವನಿಗೆ ಅದರಿಂದ ಸ್ವಲ್ಪ ನಾಚಿಕೆಯೂ ಆಗುತ್ತಿತ್ತು, ಇಲ್ಲವೆನ್ನುವ ಹಾಗಿಲ್ಲ. ಆದರೆ ಬಿಸ್ಕತ್ತು ಬಿಡುವಷ್ಟು ನಾಚಿಕೆಯಲ್ಲ.

ಹೀಗಿರುವಾಗ ಒಂದು ಸಂಜೆ ಮಹಾರಾಜರು ಬಂದರು. ಮಂಡಳಿಯಲ್ಲಿ ಎಷ್ಟೋ ವರ್ಷದಿಂದ ರಾಜನ ಪಾತ್ರ ಬಿಟ್ಟು ಬೇರೆ ಮಾಡದ ನಟರು, ಮನೆಗೆ ಬರುವುದು ಮಾತ್ರ ಚೈನು ಕಿರುಗುಟ್ಟುವ ಸೈಕಲ್ಲಿನಲ್ಲಿ. ಹೊಸ ನಾಟಕಕ್ಕೆ ಒಂದು ಭಾರಿ ಔತಣದ ಮೇಜು ಬೇಕು ಎಂದು ಹೇಳಲು ಬಂದಿದ್ದರು. ಮಾತು ನಡೆಯುತ್ತಿರುವಾಗಲೇ ಹೆಂಡತಿ ಅಡುಗೆಮನೆಯಿಂದ ಭರಣಿಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಹೊರಬಂದಳು. ಸುಳ್ಳಡುಗೆಯವರು ಎದ್ದು ಅಡ್ಡ ನಿಂತರು. ಅವರಿಗೆ ಬಿಸ್ಕತ್ತು ಆಗುವುದಿಲ್ಲ ಎಂದರು. ಯಾಕಾಗುವುದಿಲ್ಲ ಎಂದರು ಮಹಾರಾಜರು. ಈಗ ತಾನೇ ಊಟ ಮಾಡಿ ಬಂದಿದ್ದಾರೆ ಎಂದರು. ಮಧ್ಯಾಹ್ನದಿಂದ ಒಂದು ಹನಿ ನೀರಿಲ್ಲ ಎಂದರು ಮಹಾರಾಜರು. ಅಷ್ಟರಲ್ಲಿ ಅವಳು ಭರಣಿಯನ್ನು ಬಗ್ಗಿಸಿದ್ದಳು, ಬಿಸ್ಕತ್ತುಗಳು ಟಣಟಣ ಎಂದು ಸ್ಟೀಲಿನ ತಟ್ಟೆಗೆ ಬಿದ್ದವು.

ಮಹಾರಾಜರು ತಟ್ಟೆಯನ್ನು ನೋಡಿ, ಇವರನ್ನು ನೋಡಿ, ತೊಡೆ ತಟ್ಟಿಕೊಂಡು ನಕ್ಕರು. "ಏನಯ್ಯಾ, ಮನೆಗೆ ಬಂದೋರಿಗೂ ನಾಟಕದ ಬಿಸ್ಕತ್ತೇ ತಿನ್ನಿಸ್ತೀಯಾ?"

ಅವಳು ಗಂಡನ ಕಡೆ ತಿರುಗಿ, ನಾಟಕದ್ದಾ, ಏನ್ರೀ ಇದು, ಎಂದು ದನಿ ಏರಿಸಿದಳು. ಇನ್ನೇನು ಗುಡುಗು ಸಿಡಿಲು ಶುರುವಾಗಬೇಕು. ಅಷ್ಟರಲ್ಲಿ ಮಹಾರಾಜರು, ಅಯ್ಯೋ ಅತ್ತಿಗೆ, ನಿಮಗೆ ಕಾಣಲಿಲ್ಲವೇ ಎಂದರು. ತಮಗೆ ಅವಳು ತಟ್ಟೆಗೆ ಸುರಿಯುವಾಗಲೇ ಕಂಡಿತ್ತಂತೆ. ಸಕ್ಕರೆ ಹರಳು ಗೋಲಿ ಗಾತ್ರ ಇದೆ, ಮೈಯೆಲ್ಲ ತೂತು, ಇದರಲ್ಲಿ ಬ್ರಷ್ಷಿನ ಕೂದಲು ಕೂಡ ಅಂಟಿಕೊಂಡಿದೆ, ಇದನ್ನು ನೋಡಿ ಯಾರಾದರೂ ಮೋಸ ಹೋಗುವುದುಂಟೇ ಎಂದು ಒಂದನ್ನು ಅವಳ ಮುಖದ ಮುಂದೆಯೇ ಹಿಡಿದರು. ಅವಳ ದನಿ ಅಲ್ಲಿಗೇ ನಿಂತಿತು. ಮಾತಾಡುತ್ತಾ ನೋಡದೆ ಸುರಿದುಬಿಟ್ಟೆ ಎಂದು ಗೊಣಗಿ ಟೀ ಇಡಲು ಒಳಗೆ ಹೋದಳು.

ಮಹಾರಾಜರು ಹೊರಟಮೇಲೆ ಇವರು ತಲೆ ತಗ್ಗಿಸಿ ಬಿರುಗಾಳಿಗೆ ಕಾದರು. ಬರಲಿಲ್ಲ. ಊಟಕ್ಕೆ ಕೂತಾಗ ಬರುತ್ತದೆ ಎಂದುಕೊಂಡರು. ಆಗಲೂ ಇಲ್ಲ. ಬೆಳಗ್ಗೆಯೂ ಇಲ್ಲ. ಒಂದು ಬಿಸ್ಕತ್ತಿಗೆ ಅಷ್ಟು ಕೂಗಿದವಳು ಒಂದು ಭರಣಿಗೆ ಸುಮ್ಮನಿದ್ದಾಳೆ ಅಂದರೆ ಏನರ್ಥ?

ಕೆಲಸದ ಕೋಣೆಯಲ್ಲಿ ಕಿಟಕಿಯ ಬೆಳಕಿಗೆ ತಮ್ಮದೇ ಬಿಸ್ಕತ್ತೊಂದನ್ನು ಹಿಡಿದು ನೋಡಿದರು. ಮಹಾರಾಜರು ಹೇಳಿದ್ದು ಅಕ್ಷರಶಃ ನಿಜ. ಅಭ್ಯಾಸಬಲದಿಂದ ಕೈ ಇದನ್ನೂ ಕೊನೇ ಸಾಲಿನವನಿಗೇ ಮಾಡಿಬಿಟ್ಟಿತ್ತು. ಒಂದು ಮೊಳದ ದೂರದಿಂದ ನೋಡಿದರೆ ಚಿಕ್ಕ ಮಗುವೂ ನಗಬೇಕು. ಅವಳೋ ದಿನಾ ಬೆಳಗ್ಗೆ ಆ ಭರಣಿಯನ್ನು ಮೂಗಿಗೆ ತಾಕುವಷ್ಟು ಹತ್ತಿರ ಹಿಡಿದು ಒರೆಸುತ್ತಿದ್ದಳು. ಆಗ ಒಂದೊಂದಾಗಿ ನೆನಪಾಯಿತು. ಸೊಂಟ ನೋವೆಂದು ಹೊಲಿಗೆ ಬಿಟ್ಟವಳು ಬಿಂದಿಗೆ ನೀರನ್ನು ಸಲೀಸಾಗಿ ಎತ್ತುತ್ತಿದ್ದಳು. ಉಪ್ಪಿನ ಡಬ್ಬಿಗೆ ರಬ್ಬರ್ ಬ್ಯಾಂಡು ಯಾಕೆ ಹಾಕಿದ್ದಾಳೆಂದು ಇವರು ಕೇಳಿಯೇ ಇರಲಿಲ್ಲ. ಬೀದಿಯಲ್ಲಿ ಎದುರು ಮನೆಯಾಕೆ ಕೈಬೀಸಿದರೆ ಇವಳು ಗಂಟು ಮುಖ ಹಾಕಿಕೊಂಡು ಹೋಗುತ್ತಾಳೆಂದು ದೂರು ಬಂದಿತ್ತು. ತಮ್ಮ ಪಕ್ಕದಲ್ಲೇ ಇದ್ದವಳು ಯಾವಾಗಲೋ ಎದ್ದು ಹೋಗಿ ಕೊನೇ ಸಾಲಿನಲ್ಲಿ ಕೂತುಬಿಟ್ಟಿದ್ದಳು, ಇವರು ಮಾತ್ರ ತಮ್ಮ ಕೈಚಳಕಕ್ಕೆ ತಾವೇ ಚಪ್ಪಾಳೆ ಹೊಡೆದುಕೊಳ್ಳುತ್ತಿದ್ದರು. ಕೊನೆಗೆ ಡಾಕ್ಟರ ಮಾತೂ ನೆನಪಾಯಿತು. ಕಾಲು ಹೆಂಡತಿಯ ಕಣ್ಣಲ್ಲಿದೆ ಎಂದಿದ್ದರಲ್ಲ. ಆ ಕಣ್ಣೇ ಇಲ್ಲದಿದ್ದರೆ ಇಷ್ಟು ತಿಂಗಳು ಕಾಲು ಯಾರ ಕೈಯಲ್ಲಿತ್ತು?

ನೇರವಾಗಿ ಕೇಳಲು ಬಾಯಿ ಬರಲಿಲ್ಲ. ನಾಟಕದವರ ಬುದ್ಧಿ ಎಲ್ಲಿ ಹೋಗುತ್ತದೆ? ಆವತ್ತು ಸಂಜೆ ಮನೆಗೆ ಹೊರಡುವ ಮುಂಚೆ, ಕೊಲೆಯ ದೃಶ್ಯಕ್ಕೆ ಬಳಸುವ ಕೆಂಪು ಬಣ್ಣವನ್ನು ಎಡ ಅಂಗಾಲಿನ ತುಂಬ ಬಳಿದುಕೊಂಡರು, ಕೊನೇ ಸಾಲಿಗೂ ಕಾಣುವಷ್ಟು. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಒಂದೇ ಜಪ: ದೇವರೇ, ಅವಳು ನೋಡಿ ಕಿರುಚಲಿ, ಚೆನ್ನಾಗಿ ಬೈಯಲಿ.

ಕುರ್ಚಿಯಲ್ಲಿ ಕೂತು ಕಾಲು ಚಾಚಿದರು. ಅವಳು ಕನ್ನಡಕ ಏರಿಸಿದಳು, ಟಾರ್ಚು ಹೊತ್ತಿಸಿದಳು, ಬಗ್ಗಿದಳು. ಟಾರ್ಚಿನ ಬೆಳಕು ಪಾದದ ಪಕ್ಕದ ಚಾಪೆಯ ಮೇಲೆ ಬಿದ್ದಿತ್ತು. ಇಷ್ಟು ಕಾಲ ಅದನ್ನು ನೋಡಿಯೂ ನೋಡದ ತಮ್ಮ ಕಣ್ಣಿಗೆ ಇವರು ಮನಸ್ಸಿನಲ್ಲೇ ಛೀಮಾರಿ ಹಾಕಿದರು. ಅವಳ ಬೆರಳುಗಳು ಅಂಗಾಲಿನ ಮೇಲೆ ಹರಿದು, ನಡುವೆ ನಿಂತು, ಒಂದು ಕಡೆ ಉಜ್ಜಿ ನೋಡಿದವು.

"ಗಾಯ ಏನಿಲ್ಲ. ಬಣ್ಣ ಮೆತ್ಕೊಂಡಿದೀರ, ಒರೆಸ್ಕೊಳ್ಳಿ" ಎಂದಳು.

ಸುಳ್ಳಡುಗೆಯವರಿಗೆ ಹೋದ ಉಸಿರು ಬಂದಂತಾಯಿತು. ಕಂಡಿದೆ, ಅವಳಿಗೆ ಕಂಡಿದೆ. ಎಲ್ಲ ತಮ್ಮ ಭ್ರಮೆ. ಆದರೂ ಹಾಳು ನಾಲಗೆ ಸುಮ್ಮನಿರಲಿಲ್ಲ.

"ಯಾವ ಬಣ್ಣ?"

ಅವಳ ಕೈ ನಿಂತಿತು. ಆಮೇಲೆ ಗತ್ತಿನಿಂದಲೇ ಹೇಳಿದಳು:

"ಇನ್ಯಾವುದು, ಬಿಸ್ಕತ್ತಿನ ಬಣ್ಣ."

ಪಾದ ಕೊಲೆಯಾದವನ ಪಾದದ ಹಾಗೆ ಕೆಂಪಗಿತ್ತು. ಇವರು ಕುರ್ಚಿಯಿಂದ ಇಳಿದು ಚಾಪೆಯ ಮೇಲೆ ಅವಳ ಎದುರಿಗೇ ಕೂತರು. ಕೆಂಪು ಕಣೇ ಅದು ಎಂದರು. ಅವಳು ಟಾರ್ಚು ಆರಿಸಿ ಪಕ್ಕಕ್ಕಿಟ್ಟಳು. ಯಾವಾಗಿನಿಂದ ಎಂದು ಕೇಳಿದರು. ಹೊಲಿಗೆ ಬಿಟ್ಟಾಗಿನಿಂದ ಎಂದಳು. ಎಲ್ಲ ಹಬೆ ಹಿಡಿದ ಗಾಜಿನಾಚೆ ಇದ್ದಂತೆ ಕಾಣುತ್ತದೆಯಂತೆ. ಹಾಗಾದರೆ ಯಾಕೆ ಹೇಳಲಿಲ್ಲ ಮಾರಾಯ್ತಿ ಎಂದು ಇವರು ಗೋಗರೆದರೆ, ಅವಳಿಗೇ ಸಿಟ್ಟು ಬಂತು.

"ನನಗೆ ಕಣ್ಣು ಕಾಣಲ್ಲ ಅಂತ ನಿಮಗೆ ಗೊತ್ತಾಗಿದ್ರೆ ಭರಣೀಲಿ ಒಂದಾದ್ರೂ ಉಳೀತಿತ್ತಾ?"

ಪ್ಲಾಸ್ಟರಿನ ವಿಷಯವೂ ಅವಳಿಗೆ ಹಳೆಯದೇ. ಒರೆಸಲು ಎತ್ತಿದಾಗಲೆಲ್ಲ ಭರಣಿ ಹಿಂದಿಗಿಂತ ಭಾರ. ಬಿಸ್ಕತ್ತು ಮೆತ್ತಗಾದದ್ದು ಕೇಳಿದ್ದೇನೆ, ಮುಗಿದದ್ದು ಕೇಳಿದ್ದೇನೆ, ತೂಕ ಬಂದದ್ದನ್ನು ಇದೇ ಮೊದಲು ಕಂಡದ್ದು ಎಂದಳು. ಕೈಹಾಕಿ ಮುಟ್ಟಿದ ಕೂಡಲೇ ಗೊತ್ತಾಗಿತ್ತು. ಆದರೆ ಬೈಯುವುದು ಹೇಗೆ? ಬೈದರೆ, ಇಷ್ಟು ದಿನ ನಿನಗೆ ಕಾಣಲಿಲ್ಲವೇ ಎಂದು ಕೇಳುತ್ತಾರೆ. ಅದಕ್ಕೇ ಮಹಾರಾಜರ ಬಾಯಿಂದ ಹೊರಡಿಸೋಣವೆಂದು ಬೇಕೆಂದೇ ತಟ್ಟೆಗೆ ಸುರಿದಿದ್ದಳು. ಆ ಮಹಾರಾಯ ಕಳ್ಳನ ಜೊತೆ ಪೊಲೀಸನ್ನೂ ಹಿಡಿದುಕೊಟ್ಟಿದ್ದ.

ಮತ್ತೆ ನನ್ನ ಕಾಲು, ಎಂದರು ಇವರು, ಹೆದರಿ ಹೆದರಿ. ಕಾಲಿಗೇನು, ದಿನಾ ನೋಡಿಲ್ಲವೇ ಎಂದು ಅವಳು ಕೈ ಮುಂದೆ ಚಾಚಿದಳು. ಗಾಯವಾದರೆ ಮೊದಲು ಅಲ್ಲಿ ಬಿಸಿಯಾಗುತ್ತದೆ ಎಂದು ಆಸ್ಪತ್ರೆಯ ನರ್ಸು ಹೇಳಿಕೊಟ್ಟಿದ್ದಳಂತೆ. ಬೆರಳಿಗೆ ನಂಬಿಕೆ ಸಾಲದಿದ್ದಾಗ ಕೆನ್ನೆ ಇಟ್ಟು ನೋಡುತ್ತಿದ್ದಳು. ಸುಳ್ಳಡುಗೆಯವರು ಇಷ್ಟು ತಿಂಗಳು ನಾಚಿಕೊಂಡು ಕಿಟಕಿ ನೋಡಿದ್ದನ್ನು ನೆನೆದು, ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದರು. ಅದನ್ನು ಪ್ರೀತಿ ಅಂದುಕೊಂಡಿದ್ದೆ ಎಂದು ಹೇಳಿಯೂಬಿಟ್ಟರು. ಮತ್ತಿನ್ನೇನು ಅಂದುಕೊಳ್ಳಬೇಕಿತ್ತು ಎಂದು ಅವಳು ಗದರಿದಳು.

ಮಾರನೇ ದಿನ ಇಬ್ಬರೂ ಒಬ್ಬರನ್ನೊಬ್ಬರು ಆಸ್ಪತ್ರೆಗೆ ಕರೆದುಕೊಂಡು ಹೋದರು. ಪಾದ ನೋಡಿದ ಡಾಕ್ಟರು ಪಾದ ಪರವಾಗಿಲ್ಲ ಎಂದರು, ರಕ್ತದ ಸಕ್ಕರೆ ನೋಡಿ ಬೇಕರಿ ಏನಾದರೂ ಇಟ್ಟಿದ್ದೀರಾ ಎಂದರು. ಕಣ್ಣಿನ ಡಾಕ್ಟರು ಎರಡೂ ಕಣ್ಣಿಗೆ ಪೊರೆ ದಟ್ಟವಾಗಿ ಬಂದಿದೆ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಕೇಳಿದರು. ಇವರ ಕಾಲು ನೋಡುವುದರಲ್ಲೇ ಪುರುಸೊತ್ತಾಗಲಿಲ್ಲ ಎಂದಳು ಪುಣ್ಯಾತ್ಗಿತ್ತಿ. ಮೊದಲು ಒಂದು ಕಣ್ಣು, ಅದು ಮಾಗಿದಮೇಲೆ ಇನ್ನೊಂದು. ಎರಡೂ ಮಾಗುವವರೆಗೆ ಬಗ್ಗಬಾರದು, ಕಣ್ಣಿಗೆ ಶ್ರಮ ಕೊಡಬಾರದು ಎಂದರು, ಪಾದ ನೋಡುವ ಕೆಲಸ ಆಸ್ಪತ್ರೆಯ ನರ್ಸಿಗೆ ಹೋಯಿತು. ಅಷ್ಟು ದಿನವೂ ಇವರೇ ಅವಳ ಕಣ್ಣಿಗೆ ಹನಿ ಹಾಕಿದರು, ಅರ್ಧ ಕಣ್ಣಿಗೆ, ಅರ್ಧ ಮೂಗಿಗೆ. ಬಿಸ್ಕತ್ತು ಮುಟ್ಟಲಿಲ್ಲ. ಮುಟ್ಟಲು ಮನೆಯಲ್ಲಿ ಪ್ಲಾಸ್ಟರ್ ಬಿಟ್ಟು ಬೇರೆ ಇರಲಿಲ್ಲ ಅನ್ನುವುದೂ ನಿಜ.

ಎರಡನೇ ಕಣ್ಣಿನ ಪಟ್ಟಿಯೂ ಬಿಚ್ಚಿದ ದಿನ ಅವಳು ಮನೆಗೆ ಬಂದವಳೇ ನೇರ ಅಡುಗೆಮನೆಗೆ ಹೋಗಿ ಭರಣಿಯಿಂದ ಒಂದನ್ನು ತೆಗೆದಳು. ಹೊರಳಿಸಿ ನೋಡಿದಳು. ಬ್ರಷ್ಷಿನ ಕೂದಲನ್ನು ಉಗುರಿನಿಂದ ಕಿತ್ತು ಇವರ ಮುಂದೆ ಹಿಡಿದಳು. ಇದನ್ನು ನಾನು ನಂಬಿದೆ ಅಂದುಕೊಂಡಿರಾ, ಕದ್ದು ತಿಂದದ್ದಕ್ಕಿಂತ ಅದೇ ನನಗೆ ಬೇಜಾರು ಎಂದಳು. ಕಲಾವಿದರಿಗೆ ನೋವಾಯಿತು. ಬಿಸ್ಕತ್ತನ್ನು ಕಸಿದು ಎತ್ತಿ ಹಿಡಿದು, ಬೀದಿ ಬಾಗಿಲ ಹತ್ತಿರ ಹೋಗಿ ನಿಂತು ನೋಡು ಎಂದರು. ಅವಳು ಹೋಗಿ ನಿಂತು, ಕಣ್ಣು ಕಿರಿದು ಮಾಡಿ ನೋಡಿ, ಹ್ಞೂಂ, ಇಲ್ಲಿಂದ ಪರವಾಗಿಲ್ಲ ಎಂದು ವಾಪಸು ಬಂದು ಚಾಪೆ ಹಾಸಿದಳು.

ಸಂಜೆಯಾಗಿರಲಿಲ್ಲ. ಟಾರ್ಚೂ ಬೇಕಾಗಲಿಲ್ಲ. ಕಿಟಕಿಯ ಬೆಳಕಿಗೆ ಪಾದವನ್ನು ತಿರುಗಿಸಿದ್ದೇ ತಡ, ಶುರುವಾಯಿತು. ಈ ಹಿಮ್ಮಡಿ ಯಾಕೆ ಹೀಗೆ ಒಡೆದಿದೆ, ನನ್ನ ಬೆರಳಿಗೆ ಸಿಗದ್ದು ಇಷ್ಟಿತ್ತಾ, ಉಗುರೊಳಗೆ ಇನ್ನೂ ಕೆಂಪು ಬಣ್ಣ ಕೂತಿದೆ, ಸ್ನಾನ ಅಂದರೆ ತಲೆಗೆ ಮಾತ್ರ ಅಂದುಕೊಂಡಿದ್ದೀರಾ, ನಾನು ಒಂದು ನಾಲ್ಕು ದಿನ ಕಣ್ಣು ಮುಚ್ಚಿಕೊಂಡರೆ ಸಾಕು, ಕಾಲನ್ನು ಸಂತೆಯಲ್ಲಿ ಬಿಟ್ಟು ಬರುವ ಜನ ನೀವು. ಸುಳ್ಳಡುಗೆಯವರು ಕುರ್ಚಿಗೆ ಒರಗಿ, ಕಣ್ಣು ಮುಚ್ಚಿ, ಒಂದು ಮಾತೂ ಬಿಡದೆ ಕೇಳಿಸಿಕೊಂಡರು. ಅವಳು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಬಲಗಾಲನ್ನೂ ಮುಂದಕ್ಕೆ ಚಾಚಿದರು.

"ಇದನ್ನೂ ನೋಡೇ" ಎಂದರು. "ಇದರಲ್ಲೂ ಏನಾದ್ರೂ ಇರಬೇಕು."